ಟ್ಯಾಕ್ಸ್ ಕೋಡ್ ಬದಲಾಗಿದ್ದಕ್ಕೆ ಪೇರೋಲ್‌ನವರನ್ನು ಬೈಯಬೇಡಿ

ಯುಕೆ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಮತ್ತದೇ ಪ್ರಶ್ನೆ. "ಕೆಲಸದ ಜೊತೆ ಸ್ವಲ್ಪ ಫ್ರೀಲಾನ್ಸ್ ಮಾಡ್ತೀನಿ. ಈ ತಿಂಗಳು ಸಂಬಳ ಇದ್ದಕ್ಕಿದ್ದಂತೆ ಕಡಿಮೆ ಬಂದಿದೆ, ಪೇಸ್ಲಿಪ್‌ನಲ್ಲಿ ಕೋಡ್ ಬೇರೆಯಾಗಿದೆ, ಏನ್ ಮಾಡ್ಲಿ?" ಅದರ ಕೆಳಗೆ ಸಾಲು ಸಾಲು ಉತ್ತರ. ಅರ್ಧ ಜನ "ಎಚ್‌ಆರ್‌ಗೆ ಕಂಪ್ಲೇಂಟ್ ಮಾಡಿ" ಅಂತಾರೆ, ಉಳಿದರ್ಧ "ತಲೆ ಕೆಡಿಸ್ಕೋಬೇಡಿ, ಜನವರಿಯಲ್ಲಿ ಎಲ್ಲಾ ಸರಿಹೋಗುತ್ತೆ" ಅಂತಾರೆ. ಎರಡೂ ತಪ್ಪು. ಇಂಥ ಸಲಹೆ ಕೇಳಿ ಸುಮ್ಮನಾದವರ ದುಡ್ಡು ತಿಂಗಳುಗಟ್ಟಲೆ ಸುಮ್ಮಸುಮ್ಮನೆ ಹೋಗುತ್ತದೆ, ಅದಕ್ಕೇ ನನಗೆ ಸಿಟ್ಟು.

ಮೊದಲು ಪೇರೋಲ್, ಅಂದರೆ ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವರ ವಿಷಯ. ಸಂಬಳದಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಅಂತ ಕಂಪನಿಗೆ ಹೇಳುವುದೇ ಟ್ಯಾಕ್ಸ್ ಕೋಡ್. ಅದನ್ನು ತೀರ್ಮಾನಿಸುವುದು ಎಚ್‌ಎಂಆರ್‌ಸಿ, ಅಂದರೆ ಯುಕೆಯ ತೆರಿಗೆ ಇಲಾಖೆ. ಅಲ್ಲಿಂದ ಕಂಪನಿಗೆ ಪಿ6 ಅನ್ನುವ ಸೂಚನೆ ಬರುತ್ತದೆ, ಕಂಪನಿ ಅದನ್ನು ಹಾಗೇ ಜಾರಿ ಮಾಡಬೇಕು. ಕೋಡ್ ತಪ್ಪು ಅಂತ ಅವರಿಗೆ ಗೊತ್ತಿದ್ದರೂ ತಿದ್ದುವ ಅಧಿಕಾರ ಇಲ್ಲ. ಅವರ ಹತ್ತಿರ ಕೇಳಬೇಕಾದದ್ದು ಎರಡೇ: ಈ ಕೋಡ್ ಕ್ಯುಮುಲೇಟಿವ್ ಆಗಿ (ಏಪ್ರಿಲ್‌ನಿಂದ ಒಟ್ಟು ಲೆಕ್ಕ ಹಾಕುವ ಹಾಗೆ) ಬಂದಿದೆಯೋ ಮಂತ್ 1 ಆಧಾರದಲ್ಲಿ (ಆಯಾ ತಿಂಗಳದ್ದು ಮಾತ್ರ) ಬಂದಿದೆಯೋ, ಮತ್ತು ಈ ತಿಂಗಳ ಪೇರೋಲ್ ಯಾವ ತಾರೀಖಿಗೆ ಮುಚ್ಚುತ್ತದೆ.

ಕೋಡ್ ಅನ್ನುವುದು ಬರೀ ಅಂದಾಜು. ಅದು ನಿಮ್ಮ ತೆರಿಗೆಯ ಲೆಕ್ಕವಲ್ಲ, ಬಿಲ್ಲಂತೂ ಅಲ್ಲವೇ ಅಲ್ಲ. ಹೆಚ್ಚಿನವರಿಗೆ ಸಿಗುವ 12,570 ಪೌಂಡ್ ವಿನಾಯಿತಿಯ (ಅಷ್ಟು ಆದಾಯಕ್ಕೆ ತೆರಿಗೆ ಇಲ್ಲ) ಕೊನೆಯ ಅಂಕಿ ಕಿತ್ತರೆ 1257ಎಲ್. ವರ್ಷಕ್ಕೆ 30,000 ಪೌಂಡ್ ಸಂಬಳ ಇರುವವರನ್ನೇ ತಗೊಳ್ಳಿ. ತಿಂಗಳಿಗೆ 2,500 ಸಂಬಳ, ಸುಮಾರು 290 ಪೌಂಡ್ ತೆರಿಗೆ. ಅವರು ಹೋದ ವರ್ಷದ ಸೆಲ್ಫ್ ಅಸೆಸ್ಮೆಂಟ್ (ತಾವೇ ಲೆಕ್ಕ ಕೊಟ್ಟು ತೆರಿಗೆ ಕಟ್ಟುವ) ರಿಟರ್ನ್‌ನಲ್ಲಿ ಫ್ರೀಲಾನ್ಸ್ ಲಾಭ 8,000 ಅಂತ ತೋರಿಸಿದ್ದಾರೆ. ಈ ವರ್ಷವೂ ಅಷ್ಟೇ ಬರುತ್ತದೆ ಅಂತ ಎಚ್‌ಎಂಆರ್‌ಸಿ ಹಿಡಿದು ವಿನಾಯಿತಿಯಿಂದ 8,000 ಕಳೆದರೆ ಉಳಿಯುವುದು 4,570. ಕೋಡ್ 457ಎಲ್ ಆಯಿತು. ಆ 8,000ಕ್ಕೆ ವರ್ಷಕ್ಕೆ 1,600, ತಿಂಗಳಿಗೆ 133 ಪೌಂಡ್ ಹೆಚ್ಚು ತೆರಿಗೆ. ಈ ಕೋಡ್ ಅಕ್ಟೋಬರ್ ಸಂಬಳದ ಹೊತ್ತಿಗೆ ಕ್ಯುಮುಲೇಟಿವ್ ಆಗಿ ಬಂದರೆ ಏಪ್ರಿಲ್‌ನಿಂದ ಲೆಕ್ಕ ಹಾಕಿ ಏಳು ತಿಂಗಳ ಬಾಕಿ ಒಂದೇ ಸಲಕ್ಕೆ ಹಿಡಿಯುತ್ತಾರೆ. 290 ಇದ್ದ ತೆರಿಗೆ ಆ ತಿಂಗಳು ಸುಮಾರು 1,220 ಆಗುತ್ತದೆ. ಒಂದು ತಿಂಗಳ ಸಂಬಳದ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಅನ್ನುವ ನಿಯಮ ಇದೆ, ಅರ್ಧ ಅಂದರೆ 1,250. ಆ ಗೆರೆಯ ಹತ್ತಿರಕ್ಕೇ ಹೋಗಿ ನಿಂತಿದೆ ನೋಡಿ. ಬಾಡಿಗೆ ಕಟ್ಟುವ ಮನೆಯಲ್ಲಿ ಆ ತಿಂಗಳು ಹೇಗೆ ಕಳೆಯಬೇಕು?

ಕೋಡ್‌ನ ಕೊನೆಯಲ್ಲಿ ಎಂ1 (ಮಂತ್ 1) ಇದ್ದರೆ ಹಿಂದಿನ ಬಾಕಿ ಎಳೆಯುವುದಿಲ್ಲ, ಆ ತಿಂಗಳಿಂದ 133 ಅಷ್ಟೇ. ಲಾಭ ವಿನಾಯಿತಿಯನ್ನೂ ಮೀರಿದರೆ ಕೋಡ್ ಕೆ ಅಕ್ಷರದಿಂದ ಶುರುವಾಗುತ್ತದೆ. 15,000 ಲಾಭ ಹಿಡಿದರೆ ಕೆ242, ಅಂದರೆ ಆ ಕೆಲಸದಲ್ಲಿ ನಿಮ್ಮ ಕೈಗೆ ಬಾರದ ಸುಮಾರು 2,430 ಪೌಂಡನ್ನು ಸಂಬಳಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ.

ಯಾರೂ ಕೇಳದೇ ಇದು ಹೇಗಾಯಿತು? ರಿಟರ್ನ್‌ನ ಕೊನೆಯಲ್ಲಿ, ಎಲ್ಲರೂ ಸುಸ್ತಾಗಿ ಸಬ್ಮಿಟ್ ಒತ್ತಲು ಕಾಯುವ ಹೊತ್ತಿನಲ್ಲಿ, ಎರಡು ಪ್ರಶ್ನೆ ಬರುತ್ತವೆ. ಒಂದು, ಹೋದ ವರ್ಷದ ಬಾಕಿ 3,000 ಪೌಂಡ್‌ಗಿಂತ ಕಡಿಮೆ ಇದ್ದರೆ ಅದನ್ನು ಕೋಡ್ ಮೂಲಕ ಹಿಡಿಯುವುದು ಬೇಡವೇ? ಇದು ಆನ್‌ಲೈನ್‌ನಲ್ಲಿ ಡಿಸೆಂಬರ್ 30ರ ಒಳಗೆ ಸಲ್ಲಿಸಿದವರಿಗೆ. ಇನ್ನೊಂದು, ಈ ವರ್ಷ ಬರಲಿರುವ ಬೇರೆ ಆದಾಯದ ತೆರಿಗೆಯನ್ನು ಈಗಿನ ಕೋಡ್‌ನಲ್ಲೇ ಹಿಡಿಯುವುದು ಬೇಡವೇ? ಬೇಡ ಅಂತ ನೀವು ಹೇಳದಿದ್ದರೆ ಒಪ್ಪಿಗೆ ಅಂತಲೇ ಅರ್ಥ. ಹಣ ಕೊಡುವವನು ಮೌನವಾಗಿದ್ದರೆ ಸಮ್ಮತಿ ಅಂತ ಹಿಡಿಯುವ ಈ ಕ್ರಮವೇ ತಪ್ಪು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇಕು ಅಂದವರಿಗೆ ಮಾತ್ರ ಇರಬೇಕಿತ್ತು.

ಯಾಕೆಂದರೆ ಹೊಡೆತ ಎರಡು ಕಡೆಯಿಂದ ಬೀಳುತ್ತದೆ. ಮೇಲಿನ ಉದಾಹರಣೆಯವರು ಮೊದಲ ಪ್ರಶ್ನೆಗೆ ಬೇಡ ಅಂದು, ಎರಡನೆಯದನ್ನು ಗಮನಿಸದೇ ಬಿಟ್ಟರು ಅಂತಿಟ್ಟುಕೊಳ್ಳಿ. ಜನವರಿ 31ಕ್ಕೆ ಹೋದ ವರ್ಷದ 1,600 ಕಟ್ಟಬೇಕು. ಬಾಕಿ 1,000 ಪೌಂಡ್ ದಾಟಿದೆ, ಒಟ್ಟು ತೆರಿಗೆಯ ಶೇ 80ರಷ್ಟು ಸಂಬಳದಲ್ಲೇ ಹೋಗಿಲ್ಲ, ಹಾಗಾಗಿ ಪೇಮೆಂಟ್ಸ್ ಆನ್ ಅಕೌಂಟ್ ಕೂಡ ಬರುತ್ತದೆ. ಈ ವರ್ಷದ ಮುಂಗಡವಾಗಿ ಜನವರಿಯಲ್ಲಿ 800, ಜುಲೈ 31ಕ್ಕೆ ಇನ್ನೊಂದು 800. ಅದೇ ಈ ವರ್ಷದ 1,600 ಆಗಲೇ ಕೋಡ್ ಮೂಲಕ ಸಂಬಳದಲ್ಲಿ ಹೋಗುತ್ತಾ ಇದೆ! ಇವೆರಡೂ ತಮ್ಮಷ್ಟಕ್ಕೆ ಹೊಂದಿಕೊಳ್ಳುತ್ತವೆ ಅಂತ ನಂಬಿ ಕೂರಬೇಡಿ. ಒಂದನ್ನು ನೀವೇ ನಿಲ್ಲಿಸಬೇಕು.

"ಕೊನೆಗೆ ರಿಟರ್ನ್‌ನಲ್ಲಿ ವಾಪಸ್ ಬರುತ್ತಲ್ಲ" ಅನ್ನುವವರಿಗೆ: ಹೌದು, ಲೆಕ್ಕ ಕೊನೆಗೆ ಕೂಡುತ್ತದೆ. ಆದರೆ ಅಲ್ಲಿಯವರೆಗೆ ದುಡ್ಡು ಯಾರ ಕೈಯಲ್ಲಿದೆ? ನೀವು ತಡ ಮಾಡಿದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ ಶೇ 4 ಸೇರಿಸಿ ಬಡ್ಡಿ, ಎಚ್‌ಎಂಆರ್‌ಸಿ ವಾಪಸ್ ಕೊಡುವಾಗ ಆ ಬ್ಯಾಂಕ್ ದರದಿಂದ ಶೇ 1 ಕಳೆದು. 2025ರ ಏಪ್ರಿಲ್‌ನಿಂದ ಹೀಗಿದೆ. ಫ್ರೀಲಾನ್ಸ್ ಆದಾಯ ಈ ವರ್ಷ ಬಿದ್ದುಹೋದವರಿಗಂತೂ ಬಾರದ ದುಡ್ಡಿಗೆ ತೆರಿಗೆ ಕಟ್ಟಿದ ಹಾಗೆ. ಈ ವಾದವನ್ನು ನಾನು ಒಪ್ಪುವುದಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ಎಚ್‌ಎಂಆರ್‌ಸಿ ಆ್ಯಪ್‌ನಲ್ಲೋ ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲೋ ಈಗಿನ ವರ್ಷದ ಕೋಡ್ ತೆರೆಯಿರಿ. ಕೋಡ್ ಬಗ್ಗೆ ನಿಮಗೆ ಕಳಿಸುವ ಪಿ2 ನೋಟಿಸ್‌ನಲ್ಲಿ ಇರುವ ಸಾಲುಗಳೇ ಅಲ್ಲೂ ಇರುತ್ತವೆ. ಮೇಲೆ ನಿಮಗೆ ಸೇರಬೇಕಾದದ್ದು, ಕೆಳಗೆ ಕಳೆದದ್ದು. ಕಳೆದ ಒಂದೊಂದು ಸಾಲನ್ನೂ ಓದಿ, ಇದು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ಬಿಟ್ಟ ಹಳೇ ಕೆಲಸ ಇನ್ನೂ ಇದೆಯೇ, ಸಂಬಳದ ಅಂದಾಜು ಸರಿಯಿದೆಯೇ, ಎರಡು ವರ್ಷದ ಹಿಂದಿನ ಬಾಕಿ ಕಟ್ಟಿದ ಮೇಲೂ ಉಳಿದಿದೆಯೇ. ಸಂಬಳದ ಅಂದಾಜು, ನಿಂತ ಕೆಲಸ ಇವನ್ನೆಲ್ಲ ಅಲ್ಲೇ ತಿದ್ದಬಹುದು. ಫ್ರೀಲಾನ್ಸ್ ಸಾಲು ಅಲ್ಲಿ ತೆಗೆಯಲು ಆಗದಿದ್ದರೆ 0300 200 3300ಕ್ಕೆ ಫೋನ್ ಮಾಡಿ. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಯುಟಿಆರ್ (ರಿಟರ್ನ್ ಸಲ್ಲಿಸುವವರ ತೆರಿಗೆ ಸಂಖ್ಯೆ), ಪೇಸ್ಲಿಪ್ ಕೈಯಲ್ಲಿರಲಿ. "ಸ್ವಂತ ಉದ್ಯೋಗದ ಆದಾಯವನ್ನು ಕೋಡ್‌ನಿಂದ ತೆಗೆಯಿರಿ, ಸೆಲ್ಫ್ ಅಸೆಸ್ಮೆಂಟ್‌ನಲ್ಲಿ ನಾನೇ ಕಟ್ಟುತ್ತೇನೆ" ಅನ್ನಿ, ಅಷ್ಟು ಸಾಕು. ಕೋಡ್ ಮೂಲಕ ಹೋಗುವುದೇ ನಿಮಗೆ ಅನುಕೂಲ ಅನ್ನಿಸಿದರೆ ಅದನ್ನು ಬಿಟ್ಟು, ಎಸ್‌ಎ303 ಫಾರ್ಮ್‌ನಲ್ಲಿ ಮುಂಗಡವನ್ನು ಇಳಿಸಿಕೊಳ್ಳಿ. ತೀರಾ ಇಳಿಸಿದರೆ ಮಾತ್ರ ಕೊರತೆಗೆ ಬಡ್ಡಿ ಬೀಳುತ್ತದೆ.

ಎಲ್ಲ ಬದಲಾವಣೆಯೂ ತಪ್ಪಲ್ಲ ಅನ್ನುವುದನ್ನೂ ಹೇಳಬೇಕು. ಎರಡನೇ ಕಡೆ ಸಂಬಳಕ್ಕೆ ದುಡಿಯುವವರಿಗೆ, ಉದಾಹರಣೆಗೆ ಆಸ್ಪತ್ರೆಯ ಬ್ಯಾಂಕ್ ಶಿಫ್ಟ್ (ಬೇಕಾದಾಗ ಮಾಡುವ ಹೆಚ್ಚುವರಿ ಪಾಳಿ) ಮಾಡುವ ನರ್ಸ್‌ಗಳಿಗೆ, ಅಲ್ಲಿ ಬಿಆರ್ ಕೋಡ್ (ವಿನಾಯಿತಿ ಇಲ್ಲದೇ ಪೂರ್ತಿ ಸಂಬಳಕ್ಕೆ ಮೂಲ ದರದ ತೆರಿಗೆ) ಬಂದರೆ ಸಾಮಾನ್ಯವಾಗಿ ಸರಿಯೇ. ವಿನಾಯಿತಿ ಮೊದಲ ಕೆಲಸದಲ್ಲೇ ಮುಗಿದಿರುತ್ತದೆ. ಊರಿನ ಎನ್‌ಆರ್‌ಇ (ಅನಿವಾಸಿ ಭಾರತೀಯರ) ಠೇವಣಿಯ ಬಡ್ಡಿ ಭಾರತದಲ್ಲಿ ತೆರಿಗೆಮುಕ್ತವಾದರೂ ಇಲ್ಲಿ ವಾಸಿಸುವವರಿಗೆ ಸಾಮಾನ್ಯವಾಗಿ ತೆರಿಗೆ ಉಂಟು. ರಿಟರ್ನ್‌ನಲ್ಲಿ ತೋರಿಸಿದ್ದರೆ ಅದೂ ಕೋಡ್‌ನಲ್ಲಿ ಒಂದು ಸಾಲಾಗಿ ಬರಬಹುದು. ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರೇ, ನಿಮಗೆ ಫ್ರೀಲಾನ್ಸ್‌ಗೆ ಸಾಮಾನ್ಯವಾಗಿ ಅವಕಾಶ ಇಲ್ಲ. ಡಿಪೆಂಡೆಂಟ್ ವೀಸಾದಲ್ಲಿರುವ ಗಂಡನಿಗೋ ಹೆಂಡತಿಗೋ ಇದೆ. ಕೋಡ್‌ಗಿಂತ ಮೊದಲು ಅದನ್ನು ನೋಡಿಕೊಳ್ಳಿ.

ತಿದ್ದಿಸಿದ ಮೇಲೆ ಮುಂದಿನ ಪೇಸ್ಲಿಪ್ ತೆಗೆದು ಕೋಡ್ ನೋಡಿ. 1257ಎಲ್ ಅಷ್ಟೇ ಇದ್ದರೆ ಹೆಚ್ಚು ಹಿಡಿದದ್ದು ಆ ಸಂಬಳದಲ್ಲೇ ವಾಪಸ್ ಬರುತ್ತದೆ. 1257ಎಲ್ ಎಂ1 ಅಂತ ಇದ್ದರೆ ಬರುವುದಿಲ್ಲ, ಆಗ ಮತ್ತೆ ಫೋನ್ ಮಾಡಿ ಕ್ಯುಮುಲೇಟಿವ್ ಮಾಡಿ ಅಂತ ಕೇಳಿ. ಹಳೇ ವರ್ಷದ ಬಾಕಿಯನ್ನು ಕೋಡ್ ಮೂಲಕ ಹಿಡಿದಿದ್ದರೆ ರಿಟರ್ನ್‌ನಲ್ಲಿ ಅದಕ್ಕೆಂದೇ ಒಂದು ಕಾಲಂ ಇದೆ, ಅಲ್ಲಿ ಆ ಮೊತ್ತ ತುಂಬಿ. ಬಿಟ್ಟರೆ ಅದೂ ಈ ವರ್ಷದ ತೆರಿಗೆ ಅಂತ ಎಣಿಕೆಯಾಗಿ ಬಿಲ್ ಕಡಿಮೆ ತೋರಿಸುತ್ತದೆ, ಆಮೇಲೆ ಅವರೇ ತಿದ್ದಿ ಬಾಕಿ ಕೇಳುತ್ತಾರೆ.