ಹೆಪ್ಪು ಹಾಕಿದ ಹಾಲು, ಒಂದು ಕಾಂಬಿಫ್ಲಾಮ್

ಹೇಳೋದಾ ಬೇಡ್ವಾ ಅಂತ ಎರಡು ವಾರ ಯೋಚಿಸಿದೆ. ಹೇಳಿಬಿಡುತ್ತೇನೆ. 53ನೇ ವಯಸ್ಸಿನಲ್ಲಿ ನಾನು ಮುಖಕ್ಕೆ ಹೈಫು ಮಾಡಿಸಿಕೊಂಡೆ. ಜೋತುಬಿದ್ದ ಚರ್ಮವನ್ನು ಅಲ್ಟ್ರಾಸೌಂಡ್‌ನಿಂದ ಬಿಗಿ ಮಾಡುತ್ತಾರಲ್ಲ, ಅದು. ಡಿಸೆಂಬರಿನಲ್ಲಿ ಮಗನ ಮದುವೆ. ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ ಅಂತ ಕೇಳುವವರು ಕೇಳಿಕೊಳ್ಳಿ. ದುಡ್ಡು ನನ್ನದು, ಗದ್ದವೂ ನನ್ನದೇ. ಬರೆಯಲು ಕೂತಿರುವುದು ಅವತ್ತು ರಾತ್ರಿ ನುಂಗಿದ ಒಂದು ಮಾತ್ರೆಯ ಬಗ್ಗೆ.

ಬೆಂಗಳೂರಿನ ಒಂದು ಕ್ಲಿನಿಕ್, ಹೆಸರು ಬೇಡ. ಹೊಟ್ಟೆ ಸ್ಕ್ಯಾನಿಂಗಿಗೆ ಹಚ್ಚುವಂಥದ್ದೇ ತಣ್ಣನೆಯ ಜೆಲ್ ಹಚ್ಚಿದರು. ಯಂತ್ರದ ತಲೆಯನ್ನು ಕೆನ್ನೆಗೆ ಒತ್ತುವುದು, ಬೀಪ್ ಅನ್ನುವುದು, ಒಂದಿಷ್ಟು ಪಕ್ಕಕ್ಕೆ ಸರಿಸುವುದು. ಕೆನ್ನೆಯ ಮೇಲೆ ತಡೆದುಕೊಳ್ಳಬಹುದು. ದವಡೆ ಮೂಳೆಯ ಹತ್ತಿರ ಬಂದಾಗ ಇದೆಯಲ್ಲ, ಚಿಗಳಿ ಇರುವೆ ಒಳಗಿನಿಂದ ಕಚ್ಚಿದ ಹಾಗೆ. ಸಿಮೆಂಟ್ ತುಂಬಿಸಿದ್ದ ಹಲ್ಲೊಂದು ಜುಂ ಅಂದಿತು. ಮುಗಿದ ಮೇಲೆ ಕನ್ನಡಿಯಲ್ಲಿ ಸ್ವಲ್ಪ ಕೆಂಪು ಕಂಡಿತು, ಅಷ್ಟೆ. ಹೊರಡುವಾಗ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟರು. ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ರಾತ್ರಿ ಒಂಬತ್ತಕ್ಕೆ ನೋವು ಶುರುವಾಯಿತು. ಚಪಾತಿ ಅಗಿಯಲು ಆಗಲಿಲ್ಲ. ನಮ್ಮನೆಯಲ್ಲಿ ಫ್ರಿಜ್ ಮೇಲೆ ಹಳೇ ಬಿಸ್ಕತ್ ಡಬ್ಬಿಯೊಂದಿದೆ. ಕತ್ತರಿಸಿದ ಸ್ಟ್ರಿಪ್‌ಗಳು, ಖಾಲಿ ಆಯಿಂಟ್‌ಮೆಂಟ್ ಟ್ಯೂಬು, ಎರಡು ಸೇಫ್ಟಿ ಪಿನ್ನು. ಎಲ್ಲರ ಮನೆಯಲ್ಲೂ ಇರುತ್ತೆ ಅಲ್ವಾ ಇಂಥದ್ದು? ಅದರಲ್ಲಿದ್ದ ಕಾಂಬಿಫ್ಲಾಮ್ ಒಂದನ್ನು ನುಂಗಿ ಮಲಗಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಚೀಟಿ ಬಿಡಿಸಿದರೆ, ಎರಡು ವಾರ ಆಂಟಿ ಇನ್‌ಫ್ಲಮೇಟರಿ ಔಷಧ, ಅಂದರೆ ಬಾವು ಇಳಿಸುವ ನೋವಿನ ಮಾತ್ರೆ, ತೆಗೆದುಕೊಳ್ಳಬಾರದು ಅಂತಿದೆ. ಎದೆ ಧಸಕ್ ಅಂತು. 48 ಸಾವಿರ ರೂಪಾಯಿ!

ಕ್ಲಿನಿಕ್‌ಗೆ ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿ ಒಂದೇ ಉಸಿರಿಗೆ, "ಮ್ಯಾಮ್, ಪೇನ್‌ಕಿಲ್ಲರ್ ತಗೊಂಡ್ರೆ ರಿಸಲ್ಟ್ ಬರಲ್ಲ" ಅಂದಳು.

"ಡೋಲೋನೂ ತಗೋಬಾರದಾ?"

"ಯಾವುದೂ ಬೇಡ ಮ್ಯಾಮ್."

ಆ ಕೊನೆಯ ಉತ್ತರ ತಪ್ಪು ಅಂತ ತಿಳಿದಿದ್ದು ಅಣ್ಣನ ಮಗಳಿಂದ. ಫಾರ್ಮಸಿ ಓದಿದವಳು. "ಅತ್ತೆ, ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಕಾಗದ ಸುಟ್ಟಿದ್ರಲ್ಲ, ಇದೂ ಹಾಗೇನೆ" ಅಂತ ಶುರು ಮಾಡಿದಳು. ಬಿಸಿಲು ಕನ್ನಡಿಯನ್ನು ಸುಡುವುದಿಲ್ಲ, ಕಿರಣ ಒಟ್ಟಾಗುವ ಚುಕ್ಕಿಯನ್ನು ಮಾತ್ರ ಸುಡುತ್ತದೆ. ಇಲ್ಲಿ ಬಿಸಿಲಿನ ಬದಲು ಶಬ್ದದ ಅಲೆ. ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಸುಡಲಿಕ್ಕೂ ಇದೇ ಉಪಾಯ ಬಳಸುತ್ತಾರೆ. ಮುಖದಲ್ಲಿ ಚರ್ಮದ ಕೆಳಗೆ ಒಂದೂವರೆ, ಮೂರು, ನಾಲ್ಕೂವರೆ ಮಿಲಿಮೀಟರ್ ಆಳದಲ್ಲಿ ಸಣ್ಣ ಸಣ್ಣ ಚುಕ್ಕಿಗಳು 60ರಿಂದ 70 ಡಿಗ್ರಿಗೆ ಬಿಸಿಯಾಗುತ್ತವೆ. ಅಲ್ಲಿನ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ನಾರು, ಕೆಂಡದ ಮೇಲಿನ ಹಪ್ಪಳದಂತೆ ಮುರುಟಿಕೊಳ್ಳುತ್ತದೆ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಇಂಥದ್ದೊಂದು ಯಂತ್ರಕ್ಕೆ ಹುಬ್ಬು ಎತ್ತಲು ಒಪ್ಪಿಗೆ ಕೊಟ್ಟಿದ್ದು 2009ರಲ್ಲಿ.

ಆದರೆ ಸುಡುವುದು ಅರ್ಧ ಕೆಲಸ. ಉಳಿದರ್ಧ ದೇಹದ್ದು. ಗಾಯ ಆಗಿದೆ ಅಂತ ಗೊತ್ತಾದಾಗ ಅದು ಬಾವು ಬರಿಸುತ್ತದೆ, ರಿಪೇರಿಗೆ ಆಳು ಕಳಿಸುತ್ತದೆ, ನಿಧಾನಕ್ಕೆ ಹೊಸ ಕೊಲಾಜೆನ್ ಕಟ್ಟುತ್ತದೆ. ಅದಕ್ಕೇ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಹುಟ್ಟದಂತೆ ತಡೆದು ಆ ಬಾವನ್ನೇ ಇಳಿಸುತ್ತವೆ. (1899ರಿಂದ ಜನ ನುಂಗುತ್ತಿದ್ದ ಆಸ್ಪಿರಿನ್ ಹೀಗೆ ಕೆಲಸ ಮಾಡುತ್ತದೆ ಅಂತ ಇಂಗ್ಲೆಂಡಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಎಪ್ಪತ್ತು ವರ್ಷ ಸುಮ್ನೆ ನುಂಗಿದ್ದೇ!) ಅಂದರೆ ಹಾಲಿಗೆ ಹೆಪ್ಪು ಹಾಕಿ ಫ್ರಿಜ್ಜಲ್ಲಿ ಇಟ್ಟ ಹಾಗೆ. ಕ್ಲಿನಿಕ್‌ಗಳ ತರ್ಕ ಇದು.

ತರ್ಕ ಚೆನ್ನಾಗಿಯೇ ಇದೆ. ಆದರೆ ಅದು ತರ್ಕ ಮಾತ್ರ. ನೋವಿಗೆ ಅಂತ ಚಿಕಿತ್ಸೆಗೆ ಒಂದು ಗಂಟೆ ಮುಂಚೆ 800 ಮಿಲಿಗ್ರಾಂ ಐಬುಪ್ರೊಫೆನ್ ಕೊಡುವ ರೂಢಿ ಎಷ್ಟೋ ಕಡೆ ಇತ್ತು. ಹಾಗೆ ನುಂಗಿದವರ ಚರ್ಮವೂ ಬಿಗಿಯಾಯಿತು. ಹೆಪ್ಪು ಹಾಕಿದ ಹಾಲನ್ನು ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಹೊರಗೆ ತೆಗೆದರೆ ಮೊಸರು ಆಗಲ್ವಾ? ಆಗುತ್ತೆ, ಸ್ವಲ್ಪ ತಡವಾಗಿ. ರಕ್ತದಲ್ಲಿರುವ ಐಬುಪ್ರೊಫೆನ್ ಸುಮಾರು ಎರಡು ಗಂಟೆಗೆ ಅರ್ಧ ಇಳಿದಿರುತ್ತದೆ. ದೇಹ ತಿಂಗಳುಗಟ್ಟಲೆ ಮಾಡುವ ಕೆಲಸ ಒಂದು ರಾತ್ರಿಯ ಒಂದು ಮಾತ್ರೆಗೆ ನಿಲ್ಲುವುದಿಲ್ಲ. ದಿನಕ್ಕೆ ಮೂರರಂತೆ ಎರಡು ವಾರ ನುಂಗುವುದು ಬೇರೆ ಮಾತು. ಬೇರೆ ದಾರಿ ಇರುವಾಗ ಯಾಕೆ ನುಂಗಬೇಕು, ಅದೂ ಸರಿ.

ಆ ಬೇರೆ ದಾರಿ ಪ್ಯಾರಸಿಟಮಾಲ್. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲ ಅದೇ. ನೋವು ಕಡಿಮೆ ಮಾಡುತ್ತೆ, ಬಾವಿನ ತಂಟೆಗೆ ಅಷ್ಟಾಗಿ ಹೋಗಲ್ಲ. ಯಾವುದೂ ಬೇಡ ಅಂದ ಹುಡುಗಿ ಇದನ್ನು ಹೇಳಬಹುದಿತ್ತು. ಅವಳನ್ನು ಬೈಯುವುದಿಲ್ಲ, ಅವಳಿಗೆ ಯಾರೂ ಹೇಳಿಕೊಟ್ಟಿರಲ್ಲ. ನನ್ನ ಸಿಟ್ಟು ಆ ಚೀಟಿಯ ಮೇಲೆ. ನಮ್ಮ ಮನೆಗಳಲ್ಲಿ ಆಂಟಿ ಇನ್‌ಫ್ಲಮೇಟರಿ ಅನ್ನುವ ಮಾತ್ರೆಯೇ ಇಲ್ಲ. ಇರುವುದು ಕಾಲುನೋವಿನ ಮಾತ್ರೆ, ಮುಟ್ಟಿನ ಮಾತ್ರೆ, ಸೊಂಟ ಹಿಡಿದಾಗ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ. ಬ್ರೂಫೆನ್, ವೊವೆರಾನ್, ಜೆರೋಡಾಲ್, ಮೆಫ್ಟಾಲ್ ಬೇಡ, ಡೋಲೋ ಪರವಾಗಿಲ್ಲ ಅಂತ ಕನ್ನಡದಲ್ಲಿ ಎರಡು ಸಾಲು ಬರೆಯಲು ಏನು ಕಷ್ಟ? ಕಾಂಬಿಫ್ಲಾಮ್‌ನಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 325 ಪ್ಯಾರಸಿಟಮಾಲೂ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ಅದರ ಮೇಲೆ ಡೋಲೋನೂ ನುಂಗಿದರೆ ಪ್ಯಾರಸಿಟಮಾಲ್ ಎರಡು ಸಲ ಹೋಗುತ್ತೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು, ಲಿವರ್ ಕೆಡುತ್ತೆ.

ಇನ್ನೊಂದು. ಚಿಕಿತ್ಸೆ ಆದ ಮೇಲೆ ಬಾಯಿಯ ಒಂದು ಮೂಲೆ ಸೊಟ್ಟಗಾದರೆ, ಗುಳ್ಳೆ ಎದ್ದರೆ, ನೋವು ದಿನದಿಂದ ದಿನಕ್ಕೆ ಏರಿದರೆ ಮಾತ್ರೆ ಹುಡುಕಬೇಡಿ, ಡಾಕ್ಟರ ಹತ್ತಿರ ಹೋಗಿ.

ಇಷ್ಟಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಹಾಸನದಲ್ಲಿರುವ ಅಕ್ಕನಿಗೂ ಹೈಫು ಮಾಡಿಸಿಕೊಳ್ಳುವ ಆಸೆ. ಅವಳಿಗೆ 61, ನಾಲ್ಕು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ. ನನ್ನ ಮಾತ್ರೆಯ ಪುರಾಣ ಹೇಳಿಕೊಂಡು ಅತ್ತಿದ್ದು ಅವಳ ಹತ್ತಿರವೇ. ಹೋದ ಶನಿವಾರ ಫೋನಿನಲ್ಲಿ ಸಹಜವಾಗಿ ಅಂದಳು:

"ಇಕೋಸ್ಪ್ರಿನ್ ನಿಲ್ಸಿ ಮೂರು ದಿನ ಆಯ್ತು ಕಣೇ. ಅದೂ ಆಸ್ಪಿರಿನ್ನೇ ಅಂತೆ. ರಿಸಲ್ಟ್ ಹಾಳಾಗೋದು ಯಾಕೆ?"

ಅಪಾಯಿಂಟ್‌ಮೆಂಟ್ ಕೂಡ ತಗೊಂಡಿರಲಿಲ್ಲ ಅವಳು. ಅವಳ 75 ಮಿಲಿಗ್ರಾಂ ಮಾತ್ರೆ ನೋವಿಗಲ್ಲ, ಸ್ಟೆಂಟ್ ಒಳಗೆ ರಕ್ತ ಗಟ್ಟಿಯಾಗದಿರಲಿ ಅಂತ. ಹೃದಯದ ಡಾಕ್ಟರನ್ನು ಕೇಳದೆ ಅದನ್ನು ಮುಟ್ಟುವ ಹಾಗೇ ಇಲ್ಲ. ನಾನು ಕಿರುಚಿದ್ದಕ್ಕೆ ಭಾವ ಫೋನ್ ಕಿತ್ತುಕೊಂಡು ಏನಾಯ್ತು ಅಂತ ಕೇಳಿದರು. ಅವಳ ಡಾಕ್ಟರಿಗೆ ಫೋನ್ ಹೋಯಿತು, ಅಲ್ಲಿ ಅವಳಿಗೆ ಸರಿಯಾಗಿ ಮಂಗಳಾರತಿ ಆಯಿತು, ಈಗಲೇ ತಗೊಳ್ಳಿ ಅಂದರಂತೆ. ಅವಳು ಮತ್ತೆ ನನಗೆ ಫೋನ್ ಮಾಡಿದಳು. ಸ್ಟ್ರಿಪ್ ಹರಿಯುವ ಚರಚರ ಸದ್ದು, ಲೋಟ ಕೆಳಗಿಟ್ಟ ಸದ್ದು, ಎರಡೂ ಕೇಳುವವರೆಗೆ ನಾನು ಫೋನ್ ಇಡಲಿಲ್ಲ.