ಬುರುಡೆ

ಈಗಷ್ಟೇ ಕ್ಯಾಂಪಸ್ಸಿನ ಕ್ಯಾಂಟೀನ್‌ನಿಂದ ಬಂದೆ. ಊಟ ಸೇರಲಿಲ್ಲ. ತಪ್ಪು ಊಟದ್ದಲ್ಲ.

ಬಾಗಿಲಲ್ಲೇ ಬಣ್ಣದ ಕಾಗದದ ತೋರಣ. ಸಾಲಾಗಿ ಸಕ್ಕರೆ ತಲೆಬುರುಡೆಗಳು. ಪ್ಲಾಸ್ಟಿಕ್ ಚೆಂಡುಹೂವು. ಮೂಲೆಯಲ್ಲಿ ಮುಖಕ್ಕೆ ಬುರುಡೆ ಬಣ್ಣ ಬಳಿಯೋ ಟೇಬಲ್ಲು. ಮೊನ್ನೆಯ ಹ್ಯಾಲೋವೀನ್ ಕುಂಬಳಕಾಯಿಗಳನ್ನು ಎತ್ತಿರಲಿಲ್ಲ, ಸುಮ್ನೆ ಪಕ್ಕಕ್ಕೆ ಸರಿಸಿದ್ದರು. ಮೆಕ್ಸಿಕೋದವರು ಸತ್ತವರನ್ನು ನೆನೆಯುವ ಹಬ್ಬ, ಆಚರಣೆ ಜೋರಾಗಿಯೇ ಇತ್ತು. ಕ್ಯೂನಲ್ಲಿ ನನ್ನ ಮುಂದೆ ನಮ್ಮ ಆಫೀಸಿನ ದೊಡ್ಡವರೊಬ್ಬರು ಕೆನ್ನೆಗೆ ಬುರುಡೆ ಸ್ಟಿಕ್ಕರ್ ಅಂಟಿಸಿಕೊಂಡು ನಿಂತಿದ್ದರು. 'ನಿಮಗೆ ಇವತ್ತು ತುಂಬಾ ಖುಷಿ ಆಗಿರಬೇಕು, ನಿಮ್ಮ ಸಬ್ಜೆಕ್ಟ್ ಅಲ್ವಾ?' ಅಂದರು.

ಹೌದು ಸ್ವಾಮಿ, ನನ್ನ ಸಬ್ಜೆಕ್ಟೇ. ಮಂಗಳವಾರ ಇವರ ಕಡೆಯಿಂದಲೇ ಮೇಲ್ ಬಂದಿತ್ತು. ಜನವರಿಯ ನನ್ನ ಮೆಕ್ಸಿಕನ್ ಕಾದಂಬರಿ ಕೋರ್ಸ್ ರದ್ದು. 12 ಜನ ಬೇಕಿತ್ತಂತೆ, ಸೇರಿರೋದು 8. ಅದರ ಬದಲು ನಾನು ಬಿಸಿನೆಸ್ ಸ್ಪ್ಯಾನಿಷ್‌ನ ಇನ್ನೊಂದು ಸೆಕ್ಷನ್ ತಗೋಬೇಕು. ಬಾಕಿ ಹಣ ಕೇಳಿ ಕಾಗದ ಬರೆಯೋದು ಹೇಗೆ ಅಂತ ಹದಿನೈದು ವಾರ ಕಲಿಸಬೇಕು. ಮಂಡ್ಯದ ಹುಡುಗಿ ನಾನು, ಸ್ಪ್ಯಾನಿಷ್ ಹಿಂದೆ ಬಿದ್ದು ಇಲ್ಲಿವರೆಗೂ ಬಂದಿದ್ದು ಇಂಥ ಕಾದಂಬರಿಗಳಿಗಾಗಿ. ಬಾಕಿ ವಸೂಲಿಗಂತೂ ಅಲ್ಲ.

ಆ ಸ್ಟಿಕ್ಕರಿನ ಕಥೆ ಕೇಳಿ. ಹೂವಿನ ಹ್ಯಾಟು ಹಾಕಿಕೊಂಡ ಆ ಹೆಣ್ಣು ಬುರುಡೆ ಶುರುವಾಗಿದ್ದು ಹೋಸೆ ಗ್ವಾದಲೂಪೆ ಪೊಸಾದಾ ಅನ್ನೋ ಮೆಕ್ಸಿಕೋದ ಚಿತ್ರಕಾರನಿಂದ. ಆತ ಸತ್ತಿದ್ದು 1913ರಲ್ಲಿ, ಕಡುಬಡತನದಲ್ಲಿ. ತಾವು ಮೂಲನಿವಾಸಿಗಳು ಅನ್ನೋದನ್ನು ಮುಚ್ಚಿಟ್ಟು ಯುರೋಪಿನವರ ಹಾಗೆ ಪೋಸು ಕೊಡೋರನ್ನು ಆಡಿಕೊಳ್ಳಲು ಬರೆದ ಚಿತ್ರ ಅದು. ಅಂದರೆ ತೋರಿಕೆಯವರನ್ನು ಗೇಲಿ ಮಾಡೋ ಬುರುಡೆ. ಅದನ್ನೇ ಕೆನ್ನೆಗೆ ಅಂಟಿಸಿಕೊಂಡು ನನಗೆ ಬುರುಡೆ ಬಿಡ್ತಾರಲ್ಲ! ಅವರಿಗೆ ಕನ್ನಡ ಬರ್ತಿದ್ದರೆ ಅಲ್ಲೇ ಹೇಳ್ತಿದ್ದೆ.

ರದ್ದಾದ ಕೋರ್ಸಿನ ಮೊದಲ ಪುಸ್ತಕ ಹ್ವಾನ್ ರುಲ್ಫೋ ಅವರ 'ಪೆದ್ರೋ ಪಾರಮೋ'. 1955ರದ್ದು. ತುಂಬಾ ತೆಳ್ಳಗಿದೆ, ಬಸ್ಸಿನಲ್ಲಿ ಕೂತು ಓದಿ ಮುಗಿಸಬಹುದು. ತಾಯಿಗೆ ಕೊಟ್ಟ ಮಾತಿಗಾಗಿ ಮಗನೊಬ್ಬ ಅಪ್ಪನನ್ನು ಹುಡುಕಿಕೊಂಡು ಕೊಮಾಲಾ ಅನ್ನೋ ಊರಿಗೆ ಬರ್ತಾನೆ. ಅಲ್ಲಿ ಮಾತಾಡಿಸೋರೆಲ್ಲ ಸತ್ತವರು. ಅರ್ಧ ಪುಸ್ತಕಕ್ಕೆ ಅವನೂ ಸತ್ತು, ಗೋರಿಯೊಳಗಿಂದ ಪಕ್ಕದವಳ ಜೊತೆ ಮಾತಾಡ್ತಾನೆ. ಕೊಮಾಲ್ ಅಂದರೆ ಅವರ ರೊಟ್ಟಿ ಸುಡೋ ಹಂಚು. ಆ ಊರಿನ ಸೆಕೆ ಎಂಥದು ಅಂದರೆ, ಅಲ್ಲಿ ಸತ್ತು ನರಕಕ್ಕೆ ಹೋದವರು ಚಳಿ ತಡೀಲಾರದೆ ಕಂಬಳಿಗೆ ವಾಪಸ್ ಬರ್ತಾರಂತೆ. ರುಲ್ಫೋ ಒಂದು ಕಾಲಕ್ಕೆ ಟೈರ್ ಕಂಪನಿಯ ಮಾಲು ಮಾರುತ್ತ ಊರೂರು ಸುತ್ತಿದವರು. ಈಗ ಇದ್ದಿದ್ದರೆ ಅವರನ್ನೂ ಬಿಸಿನೆಸ್ ಸ್ಪ್ಯಾನಿಷ್‌ಗೇ ಹಾಕ್ತಿದ್ದರೇನೋ.

ಸತ್ತವರ ಹಬ್ಬ ಬೇಕು, ಸತ್ತವರು ಮಾತಾಡೋ ಪುಸ್ತಕ ಬೇಡ. ನನ್ನ ಹೊಟ್ಟೆಯುರಿ ಇಷ್ಟೇ.

ಈ ಹಬ್ಬ ನನಗೇನು ಹೊಸದಲ್ಲ. ನಮ್ಮನೇಲಿ ಪಿತೃಪಕ್ಷಕ್ಕೆ ಎಡೆ ಇಡುವಾಗ ತಾತನ ಫೋಟೋ ಮುಂದೆ ಕೋಳಿಸಾರು, ಮುದ್ದೆ, ಒಂದು ಕಟ್ಟು ಬೀಡಿ. ಒಂದು ವರ್ಷ ಎಲ್ಲ ಇಟ್ಟು ಬಾಗಿಲು ಮುಚ್ಚಿ ಹೊರಗೆ ಕೂತಿದ್ವಿ. ಅಮ್ಮ ತಟ್ಟನೆ ಎದ್ದು, 'ಅಯ್ಯೋ, ಬೆಂಕಿಪೊಟ್ಟಣ ಮರ್ತೆ ಕಣೇ, ಮಾವನೋರು ಬೀಡಿ ಹೆಂಗೆ ಹಚ್ಕೋತಾರೆ?' ಅಂತ ಅಡುಗೆಮನೆಗೆ ಓಡಿದ್ದರು. ಮೆಕ್ಸಿಕೋದ ಮನೆಗಳಲ್ಲೂ ಹಾಗೇ, ಸತ್ತವರಿಗೆ ಇಷ್ಟದ ಊಟದ ಜೊತೆ ಸಿಗರೇಟು, ತೆಕೀಲಾ ಇಡ್ತಾರೆ. ಕ್ಯಾಂಟೀನಿನ ಬುರುಡೆಗಳ ಮಧ್ಯೆ ಹುಡುಕಿದೆ. ಸತ್ತವರ ಫೋಟೋ ಒಂದೂ ಇರಲಿಲ್ಲ.

'ಬುರುಡೆ ನೋಡಿಯಾದರೂ ನಾಲ್ಕು ಜನ ಪುಸ್ತಕದ ಕಡೆ ಬರ್ತಾರೆ, ಮೆಕ್ಸಿಕೋದವರೇ ಮೆರವಣಿಗೆ ಮಾಡಲ್ವಾ?' ಅಂತ ಕೆಲವರು ಕೇಳ್ತಾರೆ. ಮಾಡ್ತಾರೆ. 2015ರ ಬಾಂಡ್ ಸಿನಿಮಾಗೆ ಅಂತ ಮೆಕ್ಸಿಕೋ ಸಿಟಿಯಲ್ಲಿ ಒಂದು ದೊಡ್ಡ ಬುರುಡೆ ಮೆರವಣಿಗೆ ಶೂಟ್ ಮಾಡಿದರು. ಅಂಥ ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ. ಅದನ್ನು ನೋಡಿ 2016ರಿಂದ ನಿಜವಾಗಿಯೂ ಶುರು ಮಾಡಿದರು. ಪ್ರವಾಸಿಗರು ಬರ್ತಾರೆ, ಹೋಟೆಲ್ ತುಂಬುತ್ತವೆ, ಸಂತೋಷ. ನನ್ನ ಕ್ಲಾಸಿಗೆ ಮಾತ್ರ ಯಾರೂ ಹಾಗೆ ದಾರಿ ತಪ್ಪಿ ಬಂದಿಲ್ಲ.

ಬಂದಿಲ್ಲ ಅಂದ್ರೆ ಸುಳ್ಳಾಗುತ್ತೆ. ಬಯ್ಯಬೇಡಿ, ಹೇಳ್ತೀನಿ. ಹೋದ ವರ್ಷ ಇದೇ ಕೋರ್ಸಿಗೆ 17 ಜನ ಬಂದಿದ್ದರು. ಯಾಕೆ ಗೊತ್ತಾ? ಪೋಸ್ಟರ್‌ಗೆ ನಾನೇ ಒಂದು ಬುರುಡೆ ಹಾಕಿದ್ದೆ. ಹೂವಿನ ಹ್ಯಾಟು ಸಮೇತ. ಮೊದಲ ವಾರವೇ ನಾಲ್ಕು ಜನ ಬಿಟ್ಟು ಹೋದರು, ಆದರೆ 13 ಉಳಿದರು, ಕೋರ್ಸ್ ನಡೀತು. ಈ ವರ್ಷ ಮರ್ಯಾದೆಯಾಗಿ ರುಲ್ಫೋ ಫೋಟೋ ಹಾಕಿದೆ. ಕಪ್ಪು ಬಿಳುಪು. 8 ಜನ.

ಆ ಎಂಟರಲ್ಲಿ ಒಬ್ಬ ಹುಡುಗ ಅದೇ ಕ್ಯಾಂಟೀನಲ್ಲಿ ಕೆಲಸ ಮಾಡ್ತಾನೆ. ಅಜ್ಜಿ ಹಲಿಸ್ಕೋದವರು, ರುಲ್ಫೋ ಹುಟ್ಟಿದ ರಾಜ್ಯ. ಮನೇಲಿ ಸ್ಪ್ಯಾನಿಷ್ ಗಳಗಳ ಮಾತಾಡ್ತಾನೆ, ಒಂದು ಪುಸ್ತಕ ಓದಿಲ್ಲ. ಬೆಂಗಳೂರಿನ ನಮ್ಮ ಅಕ್ಕನ ಮಕ್ಕಳ ಕನ್ನಡದ ಥರ. ಇವತ್ತು ಅವನಿಗೂ ಬುರುಡೆ ಚಿತ್ರದ ಏಪ್ರನ್ ಕಟ್ಟಿದ್ದರು. ತಟ್ಟೆ ಕೊಡುತ್ತ ಮೆಲ್ಲಗೆ ಕೇಳಿದ: 'ಪ್ರೊಫೆಸೋರಾ, ಕೋರ್ಸ್ ಇಲ್ವಂತೆ? ಪುಸ್ತಕ ಆಗಲೇ ತಗೊಂಡೆ. ವಾಪಸ್ ಮಾಡಲಾ?'

'ಬೇಡ' ಅಂದೆ. 'ಜನವರಿಯಿಂದ ಗುರುವಾರ ಸಂಜೆ ನನ್ನ ರೂಮಿಗೆ ಬಾ, ಉಳಿದವರಿಗೂ ಹೇಳು.'

ಅಂದುಬಿಟ್ಟೆ. ರೂಮಲ್ಲಿ ಇರೋದು ಮೂರು ಕುರ್ಚಿ, ಅದರಲ್ಲೊಂದರ ಕಾಲು ಅಲ್ಲಾಡುತ್ತೆ.