ಮಗು ಮಲಗಿದ ಮೇಲಿನ ಆಫೀಸು

ಮಗು ಎರಡು ಗಂಟೆ ಮಲಗುತ್ತದೆ, ಅಷ್ಟರಲ್ಲಿ ಆನ್‌ಲೈನಿನಲ್ಲಿ ನಾಲ್ಕು ಕಾಸು ದುಡಿಯಬಹುದು ಎನ್ನುವ ಲೆಕ್ಕ ಸರಿಯೇ ಇದೆ. ಮಗುವಿಗೆ ಅದನ್ನು ಯಾರೂ ತಿಳಿಸಿಲ್ಲ, ಅಷ್ಟೆ.

ಆಡಿಯೋ ಕೇಳಿ ಟೈಪ್ ಮಾಡುವ ಟ್ರಾನ್ಸ್‌ಕ್ರಿಪ್ಷನ್ ಕೆಲಸವನ್ನೇ ನೋಡಿ. ಒಂದು ಗಂಟೆಯ ಆಡಿಯೋಗೆ ಪಳಗಿದ ಕೈಗೂ ಸುಮಾರು 4 ಗಂಟೆ ಹಿಡಿಯುತ್ತದೆ. ದುಡ್ಡು ಮಾತ್ರ ಸಾಮಾನ್ಯವಾಗಿ ಆಡಿಯೋದ ಅವಧಿಗೆ. ಹಾಗಾಗಿ ಅವರು ಹೇಳಿದ ದರವನ್ನು ಮೊದಲು ನಾಲ್ಕರಿಂದ ಭಾಗಿಸಿ, ಆಮೇಲೆ ಹಿಗ್ಗಿ. ಹೆಡ್‌ಫೋನ್ ಒಂದೇ ಕಿವಿಗಿರಲಿ, ಇನ್ನೊಂದು ಕಿವಿ ಮನೆಗೆ. ಅಳು ಕೇಳಿಸಿದರೆ ನಡೆದು ಹೋಗಿ. ಏನೂ ಕೇಳಿಸದಿದ್ದರೆ ಓಡಿ.

ಕೀಬೋರ್ಡ್ ವಿಷಯದಲ್ಲಿ ಮಗು ಹುಟ್ಟಾ ತಂತ್ರಜ್ಞ. ವಿಂಡೋಸ್‌ನಲ್ಲಿ ಶಿಫ್ಟ್ ಐದು ಸಲ ಕುಟ್ಟಿದರೆ ಸ್ಟಿಕಿ ಕೀಸ್ (ಒಟ್ಟಿಗೆ ಒತ್ತಬೇಕಾದ ಕೀಲಿಗಳನ್ನು ಒಂದಾದ ಮೇಲೊಂದು ಒತ್ತಲು ಬಿಡುವ ಸೌಲಭ್ಯ) ಬೇಕೇ ಎಂಬ ಪ್ರಶ್ನೆ ಏಳುತ್ತದೆ. ದೊಡ್ಡವರು ಇದನ್ನು ಬಯಸಿ ಕರೆದದ್ದು ಅಪರೂಪ. ಅದಕ್ಕಿಂತ ಘೋರವಾದದ್ದು ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿ, ಮೇಲೊಂದು ಅಕ್ಷರ ಕುಟ್ಟುವುದು. ಇಡೀ ಫೈಲು ಹೋಗಿ ಅಲ್ಲೊಂದು 'ಘ' ಕೂತಿರುತ್ತದೆ. ಫೈಲು ಮುಚ್ಚದೆ ಕಂಟ್ರೋಲ್ ಝಡ್ ಒತ್ತುತ್ತಾ ಹೋದರೆ ವಾಪಸು ಬರುತ್ತದೆ. ಕುರ್ಚಿಯಿಂದ ಏಳುವ ಮುನ್ನ ಕಂಟ್ರೋಲ್ ಎಸ್, ಆಮೇಲೆ ವಿಂಡೋಸ್ ಎಲ್: ಸೇವ್, ಬೀಗ. ಉಳಿಯುವುದು ಪವರ್ ಬಟನ್. ಅದು ಬೇರೆ ಮಿನುಗುತ್ತಿರುತ್ತದೆ! ಪವರ್ ಸೆಟ್ಟಿಂಗ್ಸ್‌ಗೆ ಹೋಗಿ, ಅದನ್ನು ಒತ್ತಿದರೆ ಏನೂ ಆಗದಂತೆ ಮಾಡಿಡಿ. ಒತ್ತಿ ಹಿಡಿದರೆ ಆಗಲೂ ಆರುತ್ತದೆ. ಮಗುವಿಗೆ ಅಷ್ಟು ತಾಳ್ಮೆ ಇಲ್ಲವೆಂದು ನಂಬೋಣ.

ಆನ್‌ಲೈನ್ ಪಾಠ ಹೇಳುವ ಕೆಲಸಕ್ಕೆ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು. ಹಿನ್ನೆಲೆ ಮಸುಕು ಮಾಡಿದರೆ ಸಾಕು ಅಂದುಕೊಳ್ಳುವವರಿದ್ದಾರೆ. ಆ ತಂತ್ರಾಂಶ ಹುಡುಕುವುದೇ ಮನುಷ್ಯರ ಆಕಾರವನ್ನು. ಮಡಚದ ಬಟ್ಟೆಯ ರಾಶಿ ಮಸುಕಾಗುತ್ತದೆ, ಮೈತುಂಬ ಬಣ್ಣ ಬಳಿದುಕೊಂಡು ಪಕ್ಕಕ್ಕೆ ಬಂದು ನಿಂತ ಮಗು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮೈಕು ಸದಾ ಮ್ಯೂಟ್‌ನಲ್ಲಿರಲಿ. ಝೂಮ್‌ನಲ್ಲಿ ಸ್ಪೇಸ್‌ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮಾತು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗದರಿಸುವ ಮೊದಲು ಬೆರಳು ತೆಗೆಯಿರಿ.

ನೋಂದಣಿ ಶುಲ್ಕ ಕಟ್ಟಿದರೆ ಟೈಪಿಂಗ್ ಕೆಲಸ ಕೊಡುತ್ತೇವೆ ಎನ್ನುವವರ ಹತ್ತಿರ ಕೆಲಸ ಇರುವುದಿಲ್ಲ, ಶುಲ್ಕ ಮಾತ್ರ ಇರುತ್ತದೆ. ಮುಂದಕ್ಕೆ ಹೋಗಿ.

ಇನ್ನು ಗಡುವು. ಬುಧವಾರ ಮುಗಿಯುವ ಕೆಲಸಕ್ಕೆ ಶುಕ್ರವಾರ ಕೊಡುತ್ತೇನೆ ಎನ್ನಿ. ಮಗುವಿಗೆ ಜ್ವರ ಬರುವುದು, ಇಂಟರ್ನೆಟ್ ಹೋಗುವುದು ಎರಡೂ ಬುಧವಾರವೇ.